ನೋಟರಿ ಹತ್ತಿರ ಹೋಗುವ ಮುಂಚೆ ಏನೇನು ಸಿದ್ಧ ಮಾಡಿಕೊಳ್ಳಬೇಕು? ಹಾನಗಲ್ ಹೊಲದ ವಾರ್ಸಾ, ಅಪ್ಪನ ಹೆಸರಿನ ವ್ಯತ್ಯಾಸ

ವಿದ್ಯಾನಗರದವಳು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ತೀರಿಕೊಂಡು ಆರು ತಿಂಗಳಾಯ್ತು. ಹಾನಗಲ್ ತಾಲೂಕಿನಲ್ಲಿ ಅವರ ಹೆಸರಲ್ಲಿ ಎರಡೂವರೆ ಎಕರೆ ಹೊಲ ಇದೆ. ವಾರ್ಸಾ (ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವುದು) ಮಾಡಿಸೋಣ ಅಂತ ನಾಡಕಚೇರಿಗೆ ಹೋಗಿದ್ದೆ. ಉತಾರದಲ್ಲಿ (ಹೊಲದ ಪಹಣಿ) ಅಪ್ಪನ ಹೆಸರು ಒಂದು ಥರ, ಆಧಾರ್ ಮತ್ತು ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಥರ ಇದೆ. "ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ, ನೋಟರಿ ಹಾಕಿಸಿಕೊಂಡು ಬನ್ನಿ" ಅಂದರು. ವಂಶವೃಕ್ಷಕ್ಕೂ ಬೇರೆ ಅಫಿಡವಿಟ್ ಬೇಕಂತೆ.

ಗುರುವಾರ ಬೆಳಿಗ್ಗೆ 11 ಗಂಟೆಗೆ ತಿಮ್ಮಸಾಗರದ ಕೋರ್ಟ್ ಹತ್ತಿರ ಒಬ್ಬ ನೋಟರಿಯವರು ಬರಲು ಹೇಳಿದ್ದಾರೆ. ನಾನು ಈ ಕೆಲಸ ಹಿಂದೆ ಮಾಡಿಸಿದವಳಲ್ಲ. ಅಪ್ಪ ಇದ್ದಾಗ ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು.

ಅವ್ವನಿಗೆ 72 ವರ್ಷ, ಮೊಣಕಾಲು ನೋವು, ಸಹಿ ಬರುವುದಿಲ್ಲ. ಅವಳೂ ಬರಲೇಬೇಕಾ? ತಮ್ಮ ಜರ್ಮನಿಯಲ್ಲಿದ್ದಾನೆ, ಅವನ ಸಹಿ ಬೇಕಾಗುತ್ತದಾ? ಎಷ್ಟು ರೂಪಾಯಿಯ ಬಾಂಡ್ ಪೇಪರ್ ತರಬೇಕು? ಮನೆಯಲ್ಲೇ ಸಹಿ ಮಾಡಿಕೊಂಡು ಹೋಗಬಹುದಾ?

ಇನ್ನೊಂದು ಮಾತು. ಅಲ್ಲೇ ರಸ್ತೆ ಬದಿ ಒಬ್ಬರು, "ನೀವ್ಯಾಕೆ ಕಾಯ್ತೀರಿ, ಆಧಾರ್ ಜೆರಾಕ್ಸ್ ಕೊಟ್ಟು ಹೋಗ್ರಿ, ಸಂಜೆಗೆ ನೋಟರಿ ಆಗಿರುತ್ತೆ" ಅಂದರು. ದುಡ್ಡು ಕೂಡ ಜಾಸ್ತಿ ಕೇಳಲಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಗೊತ್ತಿದ್ದವರು ಹೇಳಿ.

ಬೆಟಗೇರಿ ಟೈಪಿಂಗ್ (ಗದಗ)

ಅಕ್ಕಾರ, ಮನಸ್ಸು ಒಪ್ಪದಿದ್ದದ್ದು ಒಳ್ಳೆಯದಾಯ್ತು. ನಾನು 20 ವರ್ಷದಿಂದ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ದಿನಕ್ಕೆ ಹತ್ತಾರು ಅಫಿಡವಿಟ್ ಟೈಪ್ ಮಾಡುತ್ತೇನೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ, ಕಾಯ್ದೆಯ ಮಾತು ವಕೀಲರು ಹೇಳಲಿ.

ಮೊದಲು ಸಹಿ ಮಾಡಿಕೊಂಡು ಹೋಗಬೇಡಿ. ಪೆನ್ನು ಮುಟ್ಟಲೇಬೇಡಿ. ಸಹಿ ಮಾಡುವ ಜಾಗ ನೋಟರಿಯವರ ಮೇಜು.

ಬಾಂಡ್: ನಮ್ಮ ರಾಜ್ಯದಲ್ಲಿ ಅಫಿಡವಿಟ್‌ಗೆ ಮೊದಲು ₹20 ಛಾಪಾ (ಸ್ಟಾಂಪ್) ಇತ್ತು. 2024ರಲ್ಲಿ ₹100 ಆಯ್ತು. ಹಳೇ ಲೆಕ್ಕದಲ್ಲಿ ₹20ರದ್ದು ತಂದು ವಾಪಸ್ ಹೋಗುವವರು ಈಗಲೂ ಬರುತ್ತಾರೆ. ನಿಮ್ಮದು ಎರಡು ಅಫಿಡವಿಟ್, ಹಾಗಾಗಿ ₹100ರ ಎರಡು ಇ-ಸ್ಟಾಂಪ್. ಒಂದೇ ಕಾಗದದಲ್ಲಿ ಎರಡೂ ವಿಷಯ ತುರುಕಬೇಡಿ. ಒಂದು ಒಂದು ಫೈಲಿಗೆ ಹೋಗುತ್ತದೆ, ಇನ್ನೊಂದು ಇನ್ನೊಂದಕ್ಕೆ.

ಇ-ಸ್ಟಾಂಪ್ ಪ್ರಿಂಟ್ ಮಾಡಿಸುವಾಗ ಯಾರ ಹೆಸರಲ್ಲಿ ಅಂತ ಕೇಳುತ್ತಾರೆ. ಯಾರು ಪ್ರಮಾಣ ಮಾಡುತ್ತಾರೋ ಅವರ ಹೆಸರು ಕೊಡಿ. ಹೆಸರನ್ನು ಬಾಯಲ್ಲಿ ಹೇಳಬೇಡಿ, ಆಧಾರ್ ತೋರಿಸಿ ಬರೆಸಿ. ಕಿಟಕಿ ಆಚೆ ಗದ್ದಲದಲ್ಲಿ 'ಶಾಂತವ್ವ' ಅಂದರೆ 'ಶಾರವ್ವ' ಅಂತ ಕೇಳಿಸುತ್ತದೆ. ಒಮ್ಮೆ ಪ್ರಿಂಟ್ ಆದ ಮೇಲೆ ತಿದ್ದಲು ಬರುವುದಿಲ್ಲ, ಹೊಸದೇ ತೆಗೆಸಬೇಕು.

ಇನ್ನು ಒಕ್ಕಣೆ. ಇದೇ ಮುಖ್ಯ. ನಾಡಕಚೇರಿಯವರು ನಮೂನೆ ಕೊಟ್ಟಿದ್ದಾರಾ ಅಂತ ಕೇಳಿ. ಕೊಟ್ಟಿದ್ದರೆ ಅದೇ ಪದಗಳಲ್ಲಿ ಟೈಪ್ ಮಾಡಿಸಿ. ಇಲ್ಲದಿದ್ದರೆ ಹೆಸರಿನ ಅಫಿಡವಿಟ್‌ನಲ್ಲಿ ಯಾವ ದಾಖಲೆಯಲ್ಲಿ ಯಾವ ಹೆಸರು ಇದೆ ಅಂತ ಬಿಡಿಸಿ ಬರೆಸಿ. "ನನ್ನ ತಂದೆಗೆ ಎರಡು ಹೆಸರು ಇವೆ" ಅಂತ ಸುಮ್ನೆ ಬರೆದರೆ ಯಾರೂ ಒಪ್ಪುವುದಿಲ್ಲ. "ಸರ್ವೇ ನಂಬರ್ ಇಂಥದರ ಉತಾರದಲ್ಲಿ ಬಸಪ್ಪ ಎಂದೂ, ಆಧಾರ್ ಹಾಗೂ ಮರಣ ಪ್ರಮಾಣಪತ್ರದಲ್ಲಿ ಬಸವರಾಜ ಎಂದೂ ಇದ್ದು, ಈ ಎರಡೂ ಹೆಸರುಗಳು ನನ್ನ ತಂದೆಯವರಾದ ಒಬ್ಬರೇ ವ್ಯಕ್ತಿಯವು" ಈ ರೀತಿ ಇರಬೇಕು. ಹೆಸರು ಉದಾಹರಣೆಗೆ ಹೇಳಿದೆ.

ಟೈಪ್ ಆದ ಮೇಲೆ ಮೊದಲು ಬಿಳಿ ಹಾಳೆಯಲ್ಲಿ ಒಂದು ಪ್ರತಿ ತೆಗೆಸಿ ಓದಿ. ಅಂಗಡಿಯವರು ಅವಸರ ಮಾಡಿದರೂ ಬಿಡಬೇಡಿ. ನನ್ನ ಅಂಗಡಿಯಲ್ಲೂ ಇದನ್ನೇ ಹೇಳುತ್ತೇನೆ. ಬಿಳಿ ಹಾಳೆಯಲ್ಲಿ ಸಿಕ್ಕ ತಪ್ಪಿಗೆ ಎರಡು ರೂಪಾಯಿ, ಬಾಂಡ್ ಮೇಲೆ ಸಿಕ್ಕ ತಪ್ಪಿಗೆ ನೂರು ರೂಪಾಯಿ.

ಧಾರವಾಡ ಕರಿಕೋಟು

ನಾನು ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ನೋಟರಿ ಅಲ್ಲ. ಬೆಟಗೇರಿಯವರು ಹೇಳಿದ್ದೆಲ್ಲ ಸರಿ ಇದೆ. ಅದರ ಹಿಂದಿನ ಕಾರಣ ನಾನು ಹೇಳುತ್ತೇನೆ, ಯಾಕಂದ್ರೆ ಕಾರಣ ಗೊತ್ತಾದರೆ ಉಳಿದದ್ದು ನೆನಪಿಟ್ಟುಕೊಳ್ಳುವುದು ಸುಲಭ.

ಬಹಳ ಜನ ನೋಟರಿ ಸಿಕ್ಕಾ (ಮೊಹರು) ಬಿದ್ದರೆ ಕಾಗದದಲ್ಲಿ ಬರೆದದ್ದು ನಿಜ ಅಂತ ಸರ್ಕಾರವೇ ಹೇಳಿದ ಹಾಗೆ ಅಂದುಕೊಂಡಿದ್ದಾರೆ. ಹಾಗಲ್ಲ. ನಿಮ್ಮ ಅಪ್ಪನ ಎರಡು ಹೆಸರು ಒಬ್ಬರದೇ ಹೌದೋ ಅಲ್ಲವೋ ನೋಟರಿಗೆ ಹೇಗೆ ಗೊತ್ತಾಗಬೇಕು? ಅವರು ಹೇಳುವುದು ಇಷ್ಟೇ: ಇಂಥ ದಿನ ಇಂಥ ವ್ಯಕ್ತಿ ನನ್ನ ಎದುರು ಬಂದರು, ಗುರುತಿನ ಚೀಟಿ ನೋಡಿದೆ, ಪ್ರಮಾಣ ಮಾಡಿದರು, ನನ್ನ ಕಣ್ಣೆದುರೇ ಸಹಿ ಹಾಕಿದರು. ಕಾಗದದಲ್ಲಿ ಇರುವ ಮಾತಿನ ಹೊಣೆ ನಿಮ್ಮದು. ಸುಳ್ಳು ಪ್ರಮಾಣಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಶಿಕ್ಷೆ ಇದೆ. ಕೋರ್ಟ್ ಕೇಸಿನಲ್ಲಾದರೆ 7 ವರ್ಷದವರೆಗೆ, ಬೇರೆ ಕಡೆ ಆದರೆ 3 ವರ್ಷದವರೆಗೆ.

ಆದ್ದರಿಂದ ಎದುರು ಹೋಗುವುದೇ ನೋಟರಿ ಕೆಲಸದ ಜೀವ. ಜೆರಾಕ್ಸ್ ಕೊಟ್ಟು ಸಂಜೆ ತೆಗೆದುಕೊಂಡು ಹೋದ ಕಾಗದದಲ್ಲಿ ಆ ಜೀವವೇ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಮಾಡಿಸಿದ್ದೂ ಅಷ್ಟೇ.

ನೋಟರಿಗಳು 1952ರ ನೋಟರಿ ಕಾಯ್ದೆ ಮತ್ತು 1956ರ ನಿಯಮಗಳ ಕೆಳಗೆ ಕೆಲಸ ಮಾಡುತ್ತಾರೆ. ಕೇಂದ್ರ ಸರ್ಕಾರ ನೇಮಿಸಿದವರೂ ಇದ್ದಾರೆ, ರಾಜ್ಯ ಸರ್ಕಾರ ನೇಮಿಸಿದವರೂ ಇದ್ದಾರೆ, ನಿಮ್ಮ ಕೆಲಸಕ್ಕೆ ಯಾರಾದರೂ ನಡೆಯುತ್ತದೆ. ಸಾಮಾನ್ಯವಾಗಿ 10 ವರ್ಷ ವಕೀಲಿ ಮಾಡಿದವರನ್ನು ನೇಮಿಸುತ್ತಾರೆ. ಪರವಾನಗಿ 5 ವರ್ಷದ್ದು, ಆಮೇಲೆ ನವೀಕರಿಸಬೇಕು. ಅವಧಿ ಮುಗಿದಿಲ್ಲ ತಾನೇ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಸಿಕ್ಕಾ ದುಂಡಗಿರಬೇಕು, 5 ಸೆಂಟಿಮೀಟರ್ ಅಗಲ. ಅದರಲ್ಲಿ ಅವರ ಹೆಸರು, ಯಾವ ಪ್ರದೇಶಕ್ಕೆ ನೋಟರಿ, ನೋಂದಣಿ ಸಂಖ್ಯೆ ಎಲ್ಲ ಇರಬೇಕು. ಹೊಲ ಹಾನಗಲ್‌ನಲ್ಲಿದೆ ಅಂತ ನೀವು ಅಲ್ಲಿಗೇ ಹೋಗಿ ಮಾಡಿಸಬೇಕಿಲ್ಲ. ಹುಬ್ಬಳ್ಳಿಯ ನೋಟರಿ ಮುಂದೆಯೇ ಮಾಡಿಸಬಹುದು.

ಯಾರು ಪ್ರಮಾಣ ಮಾಡಬೇಕು ಅನ್ನುವುದೂ ಯೋಚಿಸಿ. ಸ್ವಂತ ತಿಳಿವಳಿಕೆ ಇದ್ದವರು ಮಾಡಬೇಕು. ವಂಶವೃಕ್ಷದಲ್ಲಿ ಮದುವೆ, ಮಕ್ಕಳು, ತೀರಿಕೊಂಡವರು ಎಲ್ಲ ಬರುತ್ತದೆ. ಅದಕ್ಕೆ ನಿಮ್ಮ ತಾಯಿಯವರಿಗಿಂತ ಯೋಗ್ಯರು ಯಾರು? ಹೆಸರಿನದ್ದು ನೀವು ಮಾಡಬಹುದು.

ವಿದ್ಯಾನಗರದವಳು

ಇಬ್ಬರಿಗೂ ತುಂಬಾ ಧನ್ಯವಾದ. ಅಂದರೆ ಅವ್ವ ಬರಲೇಬೇಕು. ಕೋರ್ಟಿನ ಮೆಟ್ಟಿಲು ಹತ್ತುವುದು ಅವಳಿಗೆ ಕಷ್ಟ. ಅವಳು ಹೆಬ್ಬೆಟ್ಟು ಒತ್ತಿದರೆ ನಡೆಯುತ್ತದಾ?

ಧಾರವಾಡ ಕರಿಕೋಟು

ಖಂಡಿತ ನಡೆಯುತ್ತದೆ. ಸಹಿ ಬಾರದವರಿಗೆ ಕಾಗದವನ್ನು ಪೂರ್ತಿ ಓದಿ, ಅವರ ಭಾಷೆಯಲ್ಲಿ ತಿಳಿಸಿ ಹೇಳಬೇಕು. "ಓದಿ ಹೇಳಲಾಗಿದೆ, ತಿಳಿದುಕೊಂಡು ಹೆಬ್ಬೆಟ್ಟು ಒತ್ತಿದ್ದಾರೆ" ಅಂತ ಒಂದು ಸಾಲು ಕಾಗದದಲ್ಲಿ ಇರಲಿ. ಟೈಪ್ ಮಾಡಿಸುವಾಗಲೇ ಅದನ್ನು ಸೇರಿಸಿ. ಅಫಿಡವಿಟ್ ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿ ಬರೆಸಿ ಅವ್ವನ ಹೆಬ್ಬೆಟ್ಟು ಒತ್ತಿಸಬೇಡಿ.

ಮೆಟ್ಟಿಲಿನ ಚಿಂತೆ ಬೇಡ. ಫೋನ್ ಮಾಡಿ ಕೇಳಿ. ನೆಲಮಹಡಿಯಲ್ಲಿ ಕೂತು ಮಾಡಿಕೊಡುವವರು ಇದ್ದಾರೆ, ಕಾರಿನ ಹತ್ತಿರ ಬರುವವರೂ ಇದ್ದಾರೆ. ಹಾಸಿಗೆ ಹಿಡಿದವರಿಗಾಗಿ ನೋಟರಿ ಮನೆಗೇ ಬರಬಹುದು. ಅದಕ್ಕೆ ಫೀಸಿನ ಜೊತೆ ಪ್ರಯಾಣದ ಖರ್ಚು ತೆಗೆದುಕೊಳ್ಳಲು ನಿಯಮದಲ್ಲೇ ಅವಕಾಶ ಇದೆ.

ರಾಣೆಬೆನ್ನೂರಿನವ

ಸಂಜೆಗೆ ಆಗಿರುತ್ತೆ ಅನ್ನುವವರ ಬಗ್ಗೆ ನನ್ನ ಅನುಭವ ಹೇಳಲೇಬೇಕು.

ನಾಲ್ಕು ವರ್ಷದ ಹಿಂದೆ ಅಣ್ಣನಿಗೆ ಕೈಗಡ ದುಡ್ಡು ಕೊಟ್ಟ ಒಂದು ಕರಾರು ಪತ್ರ ಮಾಡಿಸಿದ್ದೆವು. ಇಬ್ಬರಿಗೂ ಕೆಲಸ. ಮನೆಯಲ್ಲೇ ಸಹಿ ಮಾಡಿ ಒಬ್ಬ ಮಧ್ಯವರ್ತಿ ಕೈಗೆ ಕೊಟ್ಟೆವು. ಅರ್ಧ ಗಂಟೆಯಲ್ಲಿ ಸಿಕ್ಕಾ, ಟಿಕೆಟ್ (ನೋಟರಿ ಸ್ಟಾಂಪ್), ನಂಬರ್ ಎಲ್ಲ ಹಾಕಿಸಿಕೊಂಡು ಬಂದ. ನಮಗೆ ಖುಷಿಯೋ ಖುಷಿ.

ಆಮೇಲೆ ಆ ದುಡ್ಡಿನ ಸಂಬಂಧ ಮನೆಯಲ್ಲಿ ಮಾತಿಗೆ ಮಾತು ಬೆಳೆದು ಕೇಸ್ ಆಯ್ತು. ಎದುರು ಪಕ್ಷದ ವಕೀಲರು ನೋಟರಿಯವರ ರಿಜಿಸ್ಟರ್ ತರಿಸಿ ಅಂದರು. ರಿಜಿಸ್ಟರ್ ಬಂತು. ನಮ್ಮ ಕಾಗದದ ಮೇಲಿದ್ದ ನಂಬರಿನ ಸಾಲಿನಲ್ಲಿ ಬೇರೆ ಯಾರದೋ ಬಾಡಿಗೆ ಕರಾರು ಇತ್ತು. ಅವರ ಸಹಿ ಇತ್ತು. ನಮ್ಮದು ಎಲ್ಲೂ ಇರಲಿಲ್ಲ. ಕೊನೆಗೆ ಬ್ಯಾಂಕಿನ ವರ್ಗಾವಣೆ ದಾಖಲೆ ಇತ್ತು ಅಂತ ಬಚಾವಾದೆವು. ಕಾಗದ ಮಾತ್ರ ಯಾವ ಕೆಲಸಕ್ಕೂ ಬರಲಿಲ್ಲ. ಅಣ್ಣ ತಮ್ಮ ಮಾತಾಡುವುದು ನಿಂತು ಎರಡು ದೀಪಾವಳಿ ಕಳೆದವು.

ಅಕ್ಕಾರ, ದಯವಿಟ್ಟು ನೀವೇ ಹೋಗಿ. ರಿಜಿಸ್ಟರಿನಲ್ಲಿ ಸಹಿ ಮಾಡಿ ಬನ್ನಿ.

ಧಾರವಾಡ ಕರಿಕೋಟು

ರಾಣೆಬೆನ್ನೂರಿನವರು ಹೇಳಿದ್ದು ಎಲ್ಲರೂ ಓದಬೇಕಾದ ಮಾತು. ನಿಯಮದ ಪ್ರಕಾರ ಪ್ರತಿ ನೋಟರಿ ಒಂದು ರಿಜಿಸ್ಟರ್ ಇಡಬೇಕು. ಅದರಲ್ಲಿ ಕ್ರಮ ಸಂಖ್ಯೆ, ತಾರೀಖು, ಎಂಥ ಕೆಲಸ, ಯಾರು ಮಾಡಿಸಿದರು, ಅವರ ಪೂರ್ತಿ ವಿಳಾಸ, ಕಾಗದದ ಸಾರ, ತೆಗೆದುಕೊಂಡ ಫೀಸು, ಕೊನೆಗೆ ಮಾಡಿಸಿದವರ ಸಹಿ ಮತ್ತು ನೋಟರಿ ಸಹಿ ಇರಬೇಕು. ನಿಮ್ಮ ಕಾಗದದ ಮೇಲೆ ಬರೆಯುವ ನಂಬರ್ ಈ ರಿಜಿಸ್ಟರಿನ ಸಾಲಿನ ನಂಬರ್. ಕಾಗದ ಕಳೆದರೂ ಆ ಸಾಲು ಉಳಿಯುತ್ತದೆ. ಯಾರಾದರೂ "ನಾನು ಸಹಿ ಮಾಡಿಯೇ ಇಲ್ಲ" ಅಂದರೆ ಮಾತಾಡುವುದು ಆ ಸಾಲೇ.

ರಿಜಿಸ್ಟರ್ ಮುಂದೆ ಬರದಿದ್ದರೆ ನೀವೇ ಕೇಳಿ. "ಸರ್, ರಿಜಿಸ್ಟರಿನಲ್ಲಿ ಎಲ್ಲಿ ಸಹಿ ಮಾಡಲಿ?" ಇಷ್ಟು ಕೇಳಿದರೆ ಸಾಕು. ಫೀಸಿಗೆ ರಶೀದಿಯನ್ನೂ ಕೇಳಿ. ರಶೀದಿ ಕೊಡಬೇಕು, ದರದ ಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಹಾಕಬೇಕು ಅಂತ ನಿಯಮದಲ್ಲಿ ಇದೆ.

ಮುಂಡರಗಿ ಟೀಚರ್

ತಂಗಿ, ನೀನು ಕೇಳದೇ ಇರುವ ಒಂದು ಮಾತು ಹೇಳುತ್ತೇನೆ. ತಪ್ಪು ತಿಳಿಯಬೇಡ.

ವಾರ್ಸಾ ಸಮಯದಲ್ಲಿ ಹೆಣ್ಣುಮಕ್ಕಳ ಮುಂದೆ ಮೂರನೆಯ ಒಂದು ಕಾಗದ ಬಂದು ಕೂರುತ್ತದೆ. "ಇದೂ ಒಂದು ಸಹಿ ಮಾಡಿಬಿಡು, ಫಾರ್ಮಾಲಿಟಿ" ಅನ್ನುತ್ತಾರೆ. ಅದರಲ್ಲಿ "ನನಗೆ ಈ ಆಸ್ತಿಯಲ್ಲಿ ಹಕ್ಕು ಬೇಡ, ತಮ್ಮನ ಹೆಸರಿಗೆ ಮಾಡಲು ನನ್ನ ತಕರಾರು ಇಲ್ಲ" ಅಂತ ಇರುತ್ತದೆ. ನನ್ನ ಮುಂದೆಯೂ ಬಂದಿತ್ತು. ಆಗ ಅಪ್ಪ ತೀರಿಕೊಂಡು ಹದಿನೈದು ದಿನ ಆಗಿತ್ತು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಓದದೇ ಸಹಿ ಮಾಡಿದೆ. ಕಾಕಾ ಒಬ್ಬರು ಪೆನ್ನು ಕೈಗೆ ಕೊಟ್ಟದ್ದು ಇವತ್ತಿಗೂ ನೆನಪಿದೆ, ನೀಲಿ ಕ್ಯಾಪಿನ ಪೆನ್ನು.

ತಮ್ಮನಿಗೆ ಪ್ರೀತಿಯಿಂದ ಬಿಟ್ಟುಕೊಡುವುದು ಬೇರೆ. ಅದು ನಿನ್ನ ಇಷ್ಟ, ಯಾರೂ ಬೇಡ ಅನ್ನುವುದಿಲ್ಲ. ಗೊತ್ತಿಲ್ಲದೆ ಬಿಡುವುದು ಬೇರೆ. ಗುರುವಾರ ನೀನು ಎರಡು ಕಾಗದಕ್ಕೆ ಹೋಗುತ್ತಿದ್ದೀಯ. ಎರಡಕ್ಕೇ ಸಹಿ ಮಾಡು. ಮೂರನೆಯದು ಬಂದರೆ ಮನೆಗೆ ತಂದು ಓದು.

ಧಾರವಾಡ ಕರಿಕೋಟು

ಟೀಚರ್, ಇದನ್ನು ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ನಮ್ಮ ಕಡೆ ಇದು ಮನೆ ಮನೆಯ ಕಥೆ.

ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ತಂದೆ ಉಯಿಲು ಬರೆಯದೆ ಹೋದರೆ ಅವರ ಸ್ವಂತ ಆಸ್ತಿಯಲ್ಲೂ ಹೆಂಡತಿ, ಮಗ, ಮಗಳು ಸಮಪಾಲಿನವರು. ಆ ಹಕ್ಕು ಬಿಡಬೇಕು ಅಂದರೆ ಹಕ್ಕು ಖುಲಾಸೆ ಪತ್ರ ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ₹100 ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರ ಆಸ್ತಿಯ ಹಕ್ಕು ಬದಲಾಗುವ ಕಾಗದಕ್ಕೆ 1908ರ ನೋಂದಣಿ ಕಾಯ್ದೆ ಇದನ್ನು ಕಡ್ಡಾಯ ಮಾಡಿದೆ. ಬರೀ ಬಾಂಡ್ ಮೇಲೆ ನೋಟರಿ ಮಾಡಿಸಿದ ಕಾಗದದಿಂದ ನಿಮ್ಮ ಪಾಲು ಹೋಗುವುದಿಲ್ಲ. ಟೀಚರ್, ನಿಮ್ಮ ಕಾಗದ ನೋಂದಣಿ ಆಗಿರದಿದ್ದರೆ ಒಬ್ಬ ವಕೀಲರಿಗೆ ತೋರಿಸಿ. ಎಲ್ಲ ಮುಗಿಯಿತು ಅಂತ ಕೈ ಚೆಲ್ಲಬೇಡಿ.

ವಿದ್ಯಾನಗರದವರೇ, ವಂಶವೃಕ್ಷದಲ್ಲಿ ಎಲ್ಲ ವಾರಸುದಾರರ ಹೆಸರು ಬಂದಿದೆಯಾ ಅಂತ ಎಣಿಸಿ. ಗೊತ್ತಿದ್ದೂ ಒಂದು ಹೆಸರು ಬಿಟ್ಟರೆ ಅದು ಸುಳ್ಳು ಪ್ರಮಾಣ ಆಗುತ್ತದೆ. ಮದುವೆಯಾಗಿ ಹೋದ ಅಕ್ಕತಂಗಿಯರು, ತೀರಿಕೊಂಡ ಅಣ್ಣನ ಮಕ್ಕಳು, ಎಲ್ಲರೂ ಬರಬೇಕು.

ನವನಗರ ಕಾಕಾ

ನೋಟರಿ ಬೇರೆ, ನೋಂದಣಿ ಬೇರೆ. ಈ ಮಾತು ನನಗೆ 15 ವರ್ಷ ಮೊದಲು ಯಾರಾದರೂ ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ನಿವೃತ್ತಿ ದುಡ್ಡಿನಲ್ಲಿ ಹುಬ್ಬಳ್ಳಿ ಹೊರವಲಯದಲ್ಲಿ 30×40 ಸೈಟ್ ತೆಗೆದುಕೊಂಡೆ. ಎನ್‌ಎ (ಕೃಷಿಯೇತರ ಭೂಮಿಯಾಗಿ ಪರಿವರ್ತನೆ) ಆಗಿರಲಿಲ್ಲ. ಮಾರಿದವರು ಬಾಂಡ್ ಪೇಪರ್ ಮೇಲೆ ಕರಾರು ಬರೆದು, ಜೊತೆಗೆ ಒಂದು ಜನರಲ್ ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿ, ಎರಡಕ್ಕೂ ನೋಟರಿ ಹಾಕಿಸಿ ಕೊಟ್ಟರು. ಕೆಂಪು ಸೀಲು, ಟಿಕೆಟ್ಟು, ಪ್ರತಿ ಪುಟಕ್ಕೂ ಸಹಿ. ನೋಡಲು ಭಾಳ ಗಟ್ಟಿ ಕಾಗದ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಮನೆಯಲ್ಲಿ ಇಟ್ಟಿದ್ದೆ. ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಆ ಕಾಗದ ನೋಡಿ, "ಕಾಕಾ, ಇದರಲ್ಲಿ ನಿಮ್ಮ ಹೆಸರಿಗೆ ಏನೂ ಆಗಿಲ್ಲ" ಅಂದರು. 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆಯಂತೆ, ಮುಖತ್ಯಾರ ಪತ್ರ, ಕರಾರು ಇವುಗಳಿಂದ ಮಾಲೀಕತ್ವ ಬರುವುದಿಲ್ಲ, ನೋಂದಣಿಯಾದ ಖರೀದಿ ಪತ್ರವೇ ಬೇಕು ಅಂತ.

ಯಾರ ಹೊಟ್ಟೆಯೂ ಉರಿಯಬಾರದು ಅಂತ ಬರೆದೆ. ಜಾಗ ಕೊಳ್ಳುವವರು ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತದೆ ದುಡ್ಡು ಕೊಡಬೇಡಿ.

ಸಪ್ತಾಪುರ ರೂಮ್

ಮಧ್ಯದಲ್ಲಿ ನನ್ನದೊಂದು ಪ್ರಶ್ನೆ, ಕ್ಷಮಿಸಿ. ಡಿಗ್ರಿ ಆದ ಮೇಲೆ ಎರಡು ವರ್ಷ ಧಾರವಾಡದಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಈಗ ಕಾಲೇಜಿನವರು ಗ್ಯಾಪ್ ಅಫಿಡವಿಟ್ ಕೇಳುತ್ತಿದ್ದಾರೆ. ಪಾಸ್‌ಪೋರ್ಟ್‌ಗೂ ಅರ್ಜಿ ಹಾಕಬೇಕು, ಅದಕ್ಕೂ ನೋಟರಿ ಬೇಕು ಅಂತ ಸೈಬರ್ ಸೆಂಟರಿನವರು ₹600 ಕೇಳಿದರು.

ಬೆಟಗೇರಿ ಟೈಪಿಂಗ್

ತಮ್ಮಾ, ಗ್ಯಾಪ್ ಅಫಿಡವಿಟ್‌ಗೆ ಕಾಲೇಜಿನ ನಮೂನೆ ತೆಗೆದುಕೊಂಡು ಬಾ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಆ ಅವಧಿಯಲ್ಲಿ ಬೇರೆ ಯಾವ ಕೋರ್ಸಿಗೂ ಸೇರಿಲ್ಲ ಅನ್ನುವುದು ಇರಬೇಕು. ₹100 ಇ-ಸ್ಟಾಂಪ್, ನಿನ್ನ ಮೂಲ ಆಧಾರ್, ಅಂಕಪಟ್ಟಿ. ಅಷ್ಟೇ.

ಪಾಸ್‌ಪೋರ್ಟ್‌ಗೆ ದುಡ್ಡು ಕೊಡಬೇಡ. 2016ರ ಡಿಸೆಂಬರ್‌ನಲ್ಲೇ ವಿದೇಶಾಂಗ ಸಚಿವಾಲಯ ನಿಯಮ ಬದಲಿಸಿತು. ಅರ್ಜಿದಾರರು ಕೊಡಬೇಕಾದ ಘೋಷಣೆಗಳನ್ನು ಬಿಳಿ ಹಾಳೆಯ ಮೇಲೆ ನೀನೇ ಬರೆದು ಸಹಿ ಮಾಡಿದರೆ ಸಾಕು, ನೋಟರಿ ಬೇಡ.

ಇದನ್ನು ಎಲ್ಲರಿಗೂ ಹೇಳುತ್ತೇನೆ, ನನ್ನ ಅಂಗಡಿಗೆ ನಷ್ಟ ಆದರೂ ಚಿಂತೆ ಇಲ್ಲ. ಟೈಪ್ ಮಾಡಿಸಲು ಬರುವ ಮುಂಚೆ ಕಚೇರಿಯವರನ್ನು ಕೇಳಿ: ನೋಟರಿ ಬೇಕಾ, ಅಥವಾ ನಾನೇ ಸಹಿ ಮಾಡಿದ ಘೋಷಣೆ ಸಾಕಾ? ಜೆರಾಕ್ಸ್ ಪ್ರತಿಗಳ ಮೇಲೆ ನಮ್ಮದೇ ಸಹಿ ಇದ್ದರೆ ಎಷ್ಟೋ ಕಡೆ ನಡೆಯುತ್ತದೆ.

ಹಾವೇರಿ ಮೆಣಸಿನಕಾಯಿ

ಜರ್ಮನಿಯ ತಮ್ಮನ ವಿಷಯ ಯಾರೂ ಹೇಳಲಿಲ್ಲ. ನಮ್ಮ ಮಗಳು ಹೊರದೇಶದಲ್ಲಿ ಇರುವುದರಿಂದ ನಾವು ಇದನ್ನೆಲ್ಲ ಓಡಾಡಿ ಮಾಡಿದ್ದೇವೆ.

ಬರೀ ವಾರ್ಸಾ ಅಂದರೆ ನಿಮ್ಮ ಅಪ್ಪನ ಹೆಸರು ಹೋಗಿ ಎಲ್ಲ ವಾರಸುದಾರರ ಹೆಸರು ಜಂಟಿಯಾಗಿ ಬರುತ್ತದೆ. ಅಲ್ಲಿ ಅವನ ಹೆಸರೂ ಸೇರುತ್ತದೆ. ಅವನ ಕಡೆಯಿಂದ ಏನು ಬೇಕು ಅಂತ ತಲಾಟಿಯವರನ್ನೇ (ಗ್ರಾಮ ಆಡಳಿತಾಧಿಕಾರಿ) ಮೊದಲು ಕೇಳಿ, ಸುಮ್ನೆ ಖರ್ಚು ಮಾಡಬೇಡಿ. ಮುಂದೆ ಹೊಲ ಪಾಲು ಮಾಡುವಾಗ ಅಥವಾ ಮಾರುವಾಗ ಅವನು ಬರಲು ಆಗದಿದ್ದರೆ ಮುಖತ್ಯಾರ ಪತ್ರ ಬೇಕಾಗುತ್ತದೆ.

ನಮ್ಮ ಮಗಳು ಅಲ್ಲಿಯ ಭಾರತದ ದೂತಾವಾಸಕ್ಕೆ ಸಮಯ ತೆಗೆದುಕೊಂಡು ಹೋಗಿ, ಅಧಿಕಾರಿಯ ಎದುರು ಸಹಿ ಮಾಡಿ, ಮೂಲ ಪ್ರತಿಯನ್ನು ಕೊರಿಯರ್ ಮಾಡಿದಳು. ಅದು ಬಂದ ಮೇಲೆ ಅಲಮಾರಿಯಲ್ಲಿ ಇಟ್ಟು ಮರೆಯಬೇಡಿ. ಹೊರಗಡೆ ಮಾಡಿದ ಕಾಗದ ಕರ್ನಾಟಕಕ್ಕೆ ಬಂದ 3 ತಿಂಗಳೊಳಗೆ ಇಲ್ಲಿಯ ಛಾಪಾ ಶುಲ್ಕ ಕಟ್ಟಬೇಕು. ನಾವು ಲಕೋಟೆಯನ್ನೇ ಕಾದಿಟ್ಟಿದ್ದೆವು, ಅದರ ಮೇಲೆ ಬಂದ ತಾರೀಖು ಇತ್ತು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಅದನ್ನೂ ತೋರಿಸಿದೆವು.

ಧಾರವಾಡ ಕರಿಕೋಟು

ಸರಿಯಾಗಿ ಹೇಳಿದಿರಿ. ಇದರ ಉಲ್ಟಾ ದಾರಿಯೂ ಇದೆ. ಇಲ್ಲಿಯ ಕಾಗದ ಹೊರದೇಶದಲ್ಲಿ ತೋರಿಸಬೇಕಾದರೆ ಬರೀ ನೋಟರಿ ಸಾಲದು, ಎಷ್ಟೋ ದೇಶಗಳಿಗೆ ಮೇಲೆ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಕಾಗದದ ಸಹಿ, ಸಿಕ್ಕಾ ಅಸಲಿ ಅನ್ನುವ ದೃಢೀಕರಣ) ಅಂತ ಆಗಬೇಕು. ಅಪೊಸ್ಟಿಲ್ ಕುರಿತ ಅಂತರರಾಷ್ಟ್ರೀಯ ಒಪ್ಪಂದ ಭಾರತಕ್ಕೆ ಜಾರಿಯಾದದ್ದು 2005ರಲ್ಲಿ.

ವಿದ್ಯಾನಗರದವಳು

ನಿಮಗೆಲ್ಲ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಟೀಚರ್ ಅಕ್ಕಾ, ನಿಮ್ಮ ಮಾತು ಓದಿ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಅವನು, "ಅಕ್ಕಾ, ನಿನ್ನ ಹೆಸರು, ಅವ್ವನ ಹೆಸರು, ನನ್ನ ಹೆಸರು, ಮೂರೂ ಹಾಕಿಸು" ಅಂದ. ಮನಸ್ಸು ಹಗುರ ಆಯ್ತು.

ಗುರುವಾರ ಹೋಗಿ ಬಂದು ಬರೆಯುತ್ತೇನೆ.

ವಿದ್ಯಾನಗರದವಳು (ಶುಕ್ರವಾರ)

ಆಯ್ತು. ನಡೆದದ್ದನ್ನು ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಬುಧವಾರವೇ ಟೈಪ್ ಮಾಡಿಸಿದೆ. ಬೆಟಗೇರಿ ಅಣ್ಣಾರು ಹೇಳಿದ ಹಾಗೆ ಬಿಳಿ ಹಾಳೆಯಲ್ಲಿ ಪ್ರತಿ ತೆಗೆಸಿ, ಅಲ್ಲೇ ಕಟ್ಟೆ ಮೇಲೆ ಕೂತು ಉತಾರ ಪಕ್ಕದಲ್ಲಿಟ್ಟು ಬೆರಳು ಹಿಡಿದು ಓದಿದೆ. ಸರ್ವೇ ನಂಬರ್ 47/2ಬ ಆಗಬೇಕಿತ್ತು. 47/2 ಅಂತ ಅಷ್ಟೇ ಇತ್ತು. ಒಂದು 'ಬ' ಬಿಟ್ಟುಹೋಗಿತ್ತು. ಆ 'ಬ' ಇಲ್ಲದಿದ್ದರೆ ಅದು ನಮ್ಮ ಹೊಲವೇ ಅಲ್ಲ, ಹಿಸ್ಸೆಯಲ್ಲಿ ದೊಡ್ಡಪ್ಪನವರ ಕಡೆಗೆ ಹೋಗುತ್ತದೆ. ಹುಡುಗ ಎರಡು ನಿಮಿಷದಲ್ಲಿ ತಿದ್ದಿ ಬಾಂಡ್ ಮೇಲೆ ಪ್ರಿಂಟ್ ಕೊಟ್ಟ. ಉಳಿದ ಖಾಲಿ ಜಾಗಕ್ಕೆ ಗೀಟು ಎಳೆದುಕೊಟ್ಟ, ಆಮೇಲೆ ಯಾರೂ ಏನೂ ಸೇರಿಸಬಾರದು ಅಂತ.

ಮುಂಚೆಯೇ ಫೋನ್ ಮಾಡಿ ಅವ್ವನ ಮೊಣಕಾಲಿನ ವಿಷಯ ಹೇಳಿದ್ದೆ. ನೋಟರಿಯವರು ಕೆಳಗೇ ಕುರ್ಚಿ ಹಾಕಿಸಿದ್ದರು. ಮೂಲ ಆಧಾರ್ ಎರಡೂ, ಮರಣ ಪ್ರಮಾಣಪತ್ರ, ಉತಾರ, ರೇಷನ್ ಕಾರ್ಡ್, ಎಲ್ಲ ಮೂಲ ಪ್ರತಿ, ಮೇಲೆ ಎರಡೆರಡು ಜೆರಾಕ್ಸ್ ಒಯ್ದಿದ್ದೆ. ಅವರು ಆಧಾರ್ ಫೋಟೊ ನೋಡಿ, ಅವ್ವನ ಮುಖ ನೋಡಿ, "ಅವ್ವಾರ, ಇದು ನಿಮ್ಮ ಯಜಮಾನರ ವಿಷಯದ ಕಾಗದ, ಓದ್ತೀನಿ ಕೇಳ್ರಿ" ಅಂದರು. ಒಂದೊಂದು ಸಾಲೂ ನಿಧಾನವಾಗಿ ಓದಿದರು. "ನನಗೆ ಒಬ್ಬ ಮಗಳು, ಒಬ್ಬ ಮಗ" ಅನ್ನುವ ಸಾಲು ಬಂದಾಗ ಅವ್ವ ತಡೆದಳು. "ಇನ್ನೊಂದು ಗಂಡು ಕೂಸು ಇತ್ತು, ಎರಡು ವರ್ಷದ್ದಿದ್ದಾಗ ಹೋಯ್ತು" ಅಂದಳು. ನನಗೆ ಗೊತ್ತಿತ್ತು, ಆದರೆ ಬರೆಸಲು ಹೊಳೆದಿರಲಿಲ್ಲ. ನೋಟರಿಯವರು ಕಾಗದ ಪಕ್ಕಕ್ಕಿಟ್ಟು, "ತೀರಿಕೊಂಡವರ ಹೆಸರೂ ವಂಶವೃಕ್ಷದಲ್ಲಿ ಬರಲಿ, ಮುಂದೆ ಯಾರೂ ಕೇಳಬಾರದು" ಅಂದರು. ಮತ್ತೆ ಟೈಪ್ ಮಾಡಿಸಿ, ಇನ್ನೊಂದು ₹100 ಇ-ಸ್ಟಾಂಪ್ ತೆಗೆಸಿದೆ. ಒಂದು ಗಂಟೆ ತಡ ಆಯ್ತು. ಅವ್ವ ಬಂದಿರದಿದ್ದರೆ ಆ ಕೂಸಿನ ಹೆಸರು ಕಾಗದದಲ್ಲಿ ಇರುತ್ತಲೇ ಇರಲಿಲ್ಲ.

ಆಮೇಲೆ ಇಂಕ್ ಪ್ಯಾಡ್ ತಂದರು. ಹೊಲದಲ್ಲಿ ಕಳೆ ತೆಗೆದೂ ತೆಗೆದೂ ಅವ್ವನ ಹೆಬ್ಬೆಟ್ಟಿನ ಗೆರೆಗಳು ಸವೆದಿವೆ. ಮೊದಲು ಬಿಳಿ ಚೀಟಿ ಮೇಲೆ ಒತ್ತಿಸಿ ನೋಡಿದರು, ಬರೀ ನೀಲಿ ಕಲೆ ಬಂತು. ಕೈ ತೊಳೆಸಿ, ಒರೆಸಿ, ಇಂಕ್ ಕಡಿಮೆ ಮಾಡಿ, ಬೆರಳನ್ನು ಮೆಲ್ಲಗೆ ಉರುಳಿಸಿದರು. ಎರಡನೆಯ ಸಲ ಗೆರೆ ಕಂಡವು. ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು ಅಂತ ಬರೆದು ಹೆಸರು ಬರೆದರು. ರಿಜಿಸ್ಟರಿನಲ್ಲೂ ಅವಳದೊಂದು ಹೆಬ್ಬೆಟ್ಟು, ನನ್ನದೊಂದು ಸಹಿ. ರಶೀದಿ ಕೇಳಿದೆ, ಕೊಟ್ಟರು.

ಮೂರನೆಯ ಕಾಗದ ಯಾರೂ ತರಲಿಲ್ಲ.

ಸೋಮವಾರ ನಾಡಕಚೇರಿಗೆ ಹೋಗುತ್ತೇನೆ. ಅಲ್ಲಿ ಮೂಲ ಅಫಿಡವಿಟ್ ಕೊಡಬೇಕಾ, ಜೆರಾಕ್ಸ್ ಸಾಕಾ?

ಬೆಟಗೇರಿ ಟೈಪಿಂಗ್

ಮೂಲವನ್ನೇ ಕೇಳುತ್ತಾರೆ ಅಕ್ಕಾರ. ಕೊಡುವ ಮುಂಚೆ ಎರಡೂ ಕಡೆ ಸ್ಕ್ಯಾನ್ ಮಾಡಿಸಿ, ಹಿಂದಿನ ಪುಟದಲ್ಲಿ ಸಿಕ್ಕಾ ಇದ್ದರೆ ಅದನ್ನೂ ಬಿಡಬೇಡಿ. ರಿಜಿಸ್ಟರ್ ನಂಬರ್ ಮತ್ತು ತಾರೀಖನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಅರ್ಜಿಯ ಸ್ವೀಕೃತಿ ಕೈಗೆ ಬರುವವರೆಗೆ ಕಿಟಕಿ ಬಿಟ್ಟು ಬರಬೇಡಿ.

ಮುಂಡರಗಿ ಟೀಚರ್

ತಂಗಿ, ನಾನೂ ನಿನ್ನೆ ನನ್ನ ಹಳೇ ಕಾಗದ ಹುಡುಕಿ ತೆಗೆದೆ. ನೋಂದಣಿ ಆಗಿಲ್ಲ. ಬರೀ ನೋಟರಿ ಸಿಕ್ಕಾ ಇದೆ. ಬುಧವಾರ ಗದಗಿಗೆ ಹೋಗಿ ವಕೀಲರಿಗೆ ತೋರಿಸುತ್ತೇನೆ.